ಬೋಟಿನ ಕೂಲಿಯ ಮಾತು ಆರಾಧನೆಯಲ್ಲಿ ಬರಬಹುದೇ?

ಪ್ರಶ್ನೆ: ನಮ್ಮದು ಕಾರವಾರದ ಒಂದು ಸಣ್ಣ ಕ್ರೈಸ್ತ ಸಭೆ. ಪ್ರೆಸ್ಬಿಟೇರಿಯನ್ ಪದ್ಧತಿಯಲ್ಲಿ, ಅಂದರೆ ಸಭೆ ಆರಿಸಿದ ಹಿರಿಯರ ಮಂಡಳಿಯ ಕೈಯಲ್ಲಿ ನಡೆಯುತ್ತದೆ. ಮೂವತ್ತು ಮನೆ ಇರಬಹುದು. ಊರಿನವರು ಕೆಲವರು, ನೌಕಾನೆಲೆಯ ಕೆಲಸಕ್ಕೆ ಬಂದ ಮಿಜೋರಾಂ, ಮೇಘಾಲಯದವರು ಕೆಲವರು. ಬೈತಖೋಲ ಬಂದರಿನ ಮೀನುಗಾರಿಕೆ ಬೋಟುಗಳಲ್ಲಿ ದುಡಿಯುವ ಒಡಿಶಾ, ಜಾರ್ಖಂಡದ ಹುಡುಗರೂ ಬರುತ್ತಾರೆ. ಮೇ ಕೊನೆಗೆ ಬೋಟು ದಡ ಹತ್ತಿದಾಗ ಅವರಲ್ಲಿ ನಾಲ್ವರ ಲೆಕ್ಕ ಚುಕ್ತಾ ಆಗಲಿಲ್ಲ. ಬೋಟು ನಮ್ಮ ಸಭೆಯ ಮಂಡಳಿಯ ಹಿರಿಯರೊಬ್ಬರದ್ದು. ಮುಂದಿನ ಭಾನುವಾರ ಇತರರಿಗಾಗಿ ಬೇಡುವ ವಿಜ್ಞಾಪನಾ ಪ್ರಾರ್ಥನೆಯ ಸರದಿ ನನ್ನದಿತ್ತು. ಯಾರ ಹೆಸರನ್ನೂ ಎತ್ತದೆ, ‘ದುಡಿದ ಕೂಲಿ ಕೈಗೆ ಬರದೆ ಊರಿಗೆ ಹೋಗಲಾಗದವರನ್ನು ನೆನಪಿಸಿಕೋ ಕರ್ತನೇ’ ಅಂದೆ. ಆರಾಧನೆ ಮುಗಿದ ಮೇಲೆ ದೊಡ್ಡ ಮಾತಾಯಿತು. ‘ಇದು ದೇವರ ಮನೆ, ಯೂನಿಯನ್ ಆಫೀಸಲ್ಲ’ ಎಂದು ಆ ಹಿರಿಯರು ಹೇಳಿದರು. ಸಭಾಪಾಲಕರು ಸುಮ್ಮನಿದ್ದಾರೆ. ನಾಲ್ವರಲ್ಲಿ ಇಬ್ಬರು ಸಾಲ ಮಾಡಿ ಊರಿಗೆ ಹೋದರು. ಜೂನ್ ಕೊನೆಯ ಭಾನುವಾರ ನಮ್ಮ ವಾರ್ಷಿಕ ಸಭೆ. ಅಲ್ಲಿ ಈ ವಿಷಯ ಎತ್ತಬೇಕು ಅಂದುಕೊಂಡಿದ್ದೇನೆ. ನಾನು ಮಾಡಿದ್ದು ತಪ್ಪೇ? ನಮ್ಮ ಪದ್ಧತಿ ಇದಕ್ಕೆ ಏನು ಹೇಳುತ್ತದೆ?

ಉತ್ತರ: ತಪ್ಪಲ್ಲ. ಆದರೆ ನಿಮ್ಮ ಹಿರಿಯರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಅವರಿಗೆ ಗೊತ್ತಿದೆಯೋ ಇಲ್ಲವೋ, ಅವರ ಮಾತಿಗೆ ನಿಮ್ಮ ಪದ್ಧತಿಯಲ್ಲೇ ಒಂದು ಆಧಾರ ಇದೆ. ವಾರ್ಷಿಕ ಸಭೆಯಲ್ಲಿ ಯಾರಾದರೂ ಅದನ್ನು ಎತ್ತಿ ತೋರಿಸಿದರೆ ನೀವು ತಬ್ಬಿಬ್ಬಾಗಬಾರದು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

1643ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪಾದ್ರಿಗಳ ಒಂದು ಸಭೆ ಕರೆಯಿತು. ಸ್ಕಾಟ್ಲೆಂಡಿನಿಂದಲೂ ಪ್ರತಿನಿಧಿಗಳು ಬಂದರು. ವರ್ಷಗಟ್ಟಲೆ ಕೂತು ಅವರು ಬರೆದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣ 1646ರಲ್ಲಿ ಮುಗಿಯಿತು. ಇವತ್ತಿಗೂ ಪ್ರೆಸ್ಬಿಟೇರಿಯನ್ನರ ಮನೆಯ ಮುಖ್ಯ ದಾಖಲೆ ಅದೇ. ಅದರ 31ನೇ ಅಧ್ಯಾಯ ಸಿನೊಡುಗಳ, ಅಂದರೆ ಹಲವು ಸಭೆಗಳ ಪ್ರತಿನಿಧಿಗಳು ಕೂಡುವ ಮೇಲಿನ ಮಂಡಳಿಗಳ ಬಗ್ಗೆ ಇದೆ. ಸಿನೊಡುಗಳು ಸಭೆಯ ವಿಷಯ ಬಿಟ್ಟು ಬೇರೆ ಯಾವುದನ್ನೂ ಕೈಗೆತ್ತಿಕೊಳ್ಳಬಾರದು, ರಾಜ್ಯದ ವ್ಯವಹಾರದಲ್ಲಿ ತಲೆಹಾಕಬಾರದು ಎನ್ನುತ್ತದೆ. ತೀರಾ ಅಪರೂಪದ ಸಂದರ್ಭದಲ್ಲಿ ವಿನಯದಿಂದ ಅರ್ಜಿ ಕೊಡಬಹುದು, ಸರ್ಕಾರ ಕೇಳಿದರೆ ಸಲಹೆ ಕೊಡಬಹುದು, ಅಷ್ಟೇ. ನಿಮ್ಮ ಹಿರಿಯರ ಆಧಾರ ಇದು. ಗಟ್ಟಿ ಆಧಾರವೇ.

ಆದರೆ ಅದೇ ಪಾದ್ರಿಗಳು ಮರುವರ್ಷ ದೊಡ್ಡ ಪ್ರಶ್ನೋತ್ತರ ಪುಸ್ತಕವನ್ನೂ ಬರೆದು ಮುಗಿಸಿದರು. ಮಕ್ಕಳಿಗೆ ಬಾಯಿಪಾಠ ಮಾಡಿಸುವ ಚಿಕ್ಕ ಪ್ರಶ್ನೋತ್ತರ ಎಲ್ಲರಿಗೂ ಗೊತ್ತು, ದೊಡ್ಡದನ್ನು ತೆರೆಯುವವರು ಕಡಿಮೆ. ಅದರ 142ನೇ ಪ್ರಶ್ನೆ ತೆಗೆದು ನೋಡಿ. ‘ಕದಿಯಬಾರದು’ ಎಂಬ ಎಂಟನೇ ಆಜ್ಞೆ ಏನೇನನ್ನು ನಿಷೇಧಿಸುತ್ತದೆ ಎಂಬ ಪ್ರಶ್ನೆ. ಉತ್ತರದಲ್ಲಿ ಮನೆಗೆ ಕನ್ನ ಹಾಕುವವನು ಮಾತ್ರ ಇಲ್ಲ. ಸುಳ್ಳು ತೂಕ, ಸುಳ್ಳು ಅಳತೆ ಇದೆ. ಗಡಿಕಲ್ಲು ಕಿತ್ತಿಡುವುದು ಇದೆ. ಮನುಷ್ಯ ಮನುಷ್ಯನ ನಡುವಿನ ಒಪ್ಪಂದದಲ್ಲಿ ಅನ್ಯಾಯ ಮಾಡುವುದು, ಮಾತಿಗೆ ತಪ್ಪುವುದು ಇದೆ. ದಬ್ಬಾಳಿಕೆ, ಬಡ್ಡಿ, ಲಂಚ ಇದೆ. ಬೆಲೆ ಏರಲಿ ಎಂದು ಮಾಲು ಕೂಡಿಡುವುದು ಇದೆ. ಸುಮ್ಮಸುಮ್ಮನೆ ಕೋರ್ಟಿಗೆ ಎಳೆದು ಸತಾಯಿಸುವುದೂ ಇದೆ. ಇದನ್ನು ಎರಡೂ ಕಡೆಯವರು ಗಮನಿಸಲಿ! ಅನ್ಯಾಯವಾಗಿ ಬೇಲಿ ಹಾಕಿ ಜನರನ್ನು ಎಬ್ಬಿಸುವುದೂ ಇದೆ. ನೌಕಾನೆಲೆಯ ಸೀಬರ್ಡ್ ಯೋಜನೆಗೆ ಮನೆ, ಗದ್ದೆ ಬಿಟ್ಟು ಎದ್ದು, ಪರಿಹಾರಕ್ಕೆ ವರ್ಷಗಟ್ಟಲೆ ಅಲೆದ ಕುಟುಂಬಗಳು ಕಾರವಾರ, ಅಂಕೋಲೆಯಲ್ಲಿ ಎಷ್ಟಿವೆ ಅಂತ ನಿಮಗೇ ಗೊತ್ತು. ಆಗ ಅವರ ಪರವಾಗಿ ಪ್ರಾರ್ಥನೆ ಮಾಡಿದರೆ ಯಾರೂ ಅದನ್ನು ರಾಜಕೀಯ ಅನ್ನುತ್ತಿರಲಿಲ್ಲ, ಅಲ್ವಾ?

ಎರಡನ್ನೂ ಬರೆದವರು ಒಂದೇ ಜನ. ಅವರಿಗೆ ಇದರಲ್ಲಿ ಗೊಂದಲ ಕಾಣಲಿಲ್ಲ. ರಾಜ್ಯಭಾರ ಬೇರೆ, ಸಭೆಯ ಸದಸ್ಯ ಇನ್ನೊಬ್ಬ ಸದಸ್ಯನ ಜೊತೆ ಹೇಗೆ ನಡೆದುಕೊಂಡ ಎಂಬುದು ಬೇರೆ. ನಿಮ್ಮ ನಾಲ್ವರು ಹುಡುಗರ ಕೂಲಿ ಮೊದಲನೆಯದಕ್ಕೆ ಸೇರುವುದಿಲ್ಲ. ಕೂಲಿ ಕೊಡಬೇಕಾದವರೂ ಪಡೆಯಬೇಕಾದವರೂ ಕರ್ತನ ಭೋಜನದಲ್ಲಿ ಒಂದೇ ರೊಟ್ಟಿ ಮುರಿದು ತಿನ್ನುವವರು. ಇದು ಸಭೆಯದ್ದೇ ವಿಷಯ. ಕೊಯ್ದವರ ತಡೆಹಿಡಿದ ಕೂಲಿ ಕೂಗುತ್ತದೆ ಎಂದು ಬೈಬಲಿನ ಯಾಕೋಬನ ಪತ್ರದ ಐದನೇ ಅಧ್ಯಾಯದಲ್ಲಿದೆ. ಅದನ್ನು ಓದಿದ ಭಾನುವಾರ ಯಾರೂ ಯೂನಿಯನ್ ಆಫೀಸಿನ ಮಾತು ಎತ್ತಿರಲಾರರು.

‘ಸಭೆ ಆತ್ಮದ ವಿಷಯ ಮಾತ್ರ ನೋಡಲಿ’ ಎಂಬ ವಾದವನ್ನು ಹಿಂದೆ ಯಾರು ಯಾಕೆ ಬಳಸಿದರು ಎಂಬುದೂ ನಿಮಗೆ ತಿಳಿದಿರಲಿ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಇದನ್ನು ದೊಡ್ಡ ಸಿದ್ಧಾಂತವಾಗಿ ಕಟ್ಟಿದವರು ಜೇಮ್ಸ್ ಹೆನ್ಲಿ ಥಾರ್ನ್‌ವೆಲ್ ಎಂಬ ಪಂಡಿತ ಪಾದ್ರಿ. ಗುಲಾಮಗಿರಿ ಸರ್ಕಾರದ ವಿಷಯ, ಸಭೆಗೆ ಅದರಲ್ಲಿ ಮಾತಾಡುವ ಅಧಿಕಾರವೇ ಇಲ್ಲ ಎಂದರು. ಅವರೇ ಗುಲಾಮರನ್ನು ಇಟ್ಟುಕೊಂಡಿದ್ದರು. 1861ರಲ್ಲಿ ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆ ಉತ್ತರ, ದಕ್ಷಿಣ ಅಂತ ಒಡೆಯಿತು. ಮತ್ತೆ ಒಂದಾಗಿದ್ದು 1983ರಲ್ಲಿ. ಇಷ್ಟು ಹೇಳಿದರೆ ಸಾಕು. ವಾದ ಮಾಡುವವರೆಲ್ಲ ಥಾರ್ನ್‌ವೆಲ್ ಅಲ್ಲ. ಆದರೆ ‘ಇದು ದೇವರ ಮನೆ’ ಎಂಬ ಮಾತು ಲೆಕ್ಕದ ಪುಸ್ತಕ ತೆರೆಯಬೇಕಾದ ಹೊತ್ತಿಗೇ ಬಂದರೆ ಒಂದು ಕ್ಷಣ ನಿಂತು ನೋಡಬೇಕು.

ಇನ್ನು ಆರಾಧನೆಗೆ ಬರೋಣ. ನಿಮ್ಮ ಪ್ರಶ್ನೆಯ ನಿಜವಾದ ಗಂಟು ಇಲ್ಲಿದೆ.

ನೀವು ನ್ಯಾಯದ ಮಾತನ್ನು ಹೊರಗಿನಿಂದ ಆರಾಧನೆಯೊಳಗೆ ತಂದಿರಿ ಎಂದು ಆ ಹಿರಿಯರು ತಿಳಿದಿದ್ದಾರೆ. ಬಹುಶಃ ನೀವೂ ಹಾಗೇ ತಿಳಿದಿದ್ದೀರಿ. ಆದರೆ ನಿಮ್ಮ ಆರಾಧನೆಯ ಕ್ರಮವನ್ನೇ ನೋಡಿ. ಶುರುವಿನಲ್ಲೇ ಪಾಪದ ಅರಿಕೆ. ಅದು ಸಭಾಪಾಲಕರ ಕಿವಿಯಲ್ಲಿ ಒಬ್ಬೊಬ್ಬರೇ ಹೇಳುವುದಲ್ಲ. ಎಲ್ಲರೂ ಒಟ್ಟಿಗೆ, ಬಾಯಿಬಿಟ್ಟು ಹೇಳುವುದು. ಬೋಟಿನ ಮಾಲೀಕರು, ಬೋಟು ನಡೆಸುವ ತಾಂಡೇಲ, ಅದರಲ್ಲಿ ದುಡಿಯುವ ಖಲಾಸಿ ಎಲ್ಲರ ಬಾಯಲ್ಲೂ ಅದೇ ಮಾತು. ನಿಮ್ಮ ಪದ್ಧತಿಗೆ ಬುನಾದಿ ಹಾಕಿದ ಕ್ಯಾಲ್ವಿನ್ 1540ರ ಹೊತ್ತಿಗೆ ಸ್ಟ್ರಾಸ್‌ಬರ್ಗಿನಲ್ಲಿ ನಡೆಸುತ್ತಿದ್ದ ಆರಾಧನೆಯಲ್ಲಿ ಅರಿಕೆ ಆದ ಮೇಲೆ ಜನ ಹತ್ತು ಆಜ್ಞೆಗಳನ್ನು ಹಾಡುತ್ತಿದ್ದರು. ಕ್ಷಮೆ ಸಿಕ್ಕಿತು, ಇನ್ನು ನೆರೆಯವನ ಜೊತೆ ಹೇಗೆ ಬದುಕಬೇಕು ಎಂಬುದನ್ನು ಹಾಡಿನಲ್ಲೇ ಕೇಳಿಸಿಕೊಂಡು ಮುಂದೆ ಹೋಗುತ್ತಿದ್ದರು. ಎಂಟನೇ ಆಜ್ಞೆಯನ್ನು ರಾಗವಾಗಿ ಹಾಡಬಹುದು, ಕೂಲಿ ಸಿಗದವರಿಗಾಗಿ ಎರಡು ವಾಕ್ಯ ಪ್ರಾರ್ಥಿಸಬಾರದು ಅಂದರೆ ಹೇಗೆ?

ಕರ್ತನ ಭೋಜನದ ವಿಷಯ ಇನ್ನೂ ಗಟ್ಟಿ. ಹಿಂದೆ ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿ ಭೋಜನ ಸಂಸ್ಕಾರಕ್ಕೆ ಮೊದಲು ಹಿರಿಯರು ತಮ್ಮ ತಮ್ಮ ಪಾಲಿನ ಮನೆಗಳಿಗೆ ಹೋಗುತ್ತಿದ್ದರು. ಜಗಳ ಇದೆಯೇ, ವ್ಯವಹಾರದಲ್ಲಿ ಮೋಸ ಆಗಿದೆಯೇ ಎಂದು ವಿಚಾರಿಸುತ್ತಿದ್ದರು. ಎಲ್ಲ ಸರಿ ಇದ್ದವರ ಕೈಗೆ ಒಂದು ಸಣ್ಣ ಸೀಸದ ಬಿಲ್ಲೆ ಕೊಡುತ್ತಿದ್ದರು. ಉಗುರಿನಷ್ಟು ಅಗಲ. ಅದರ ಮೇಲೆ ಊರ ಹೆಸರಿನ ಮೊದಲ ಅಕ್ಷರ, ಕೆಲವದರಲ್ಲಿ ಇಸವಿ. ಭಾನುವಾರ ಉದ್ದನೆಯ ಮೇಜಿಗೆ ಬಂದು ಕೂರಬೇಕಾದರೆ ಆ ಬಿಲ್ಲೆ ಒಪ್ಪಿಸಬೇಕು. ಬಿಲ್ಲೆ ಸಿಗದವನು ಮೊದಲು ಹೋಗಿ ಜಗಳ ಬಗೆಹರಿಸಿಕೊಂಡು ಬರಬೇಕು. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನ ಜೊತೆ ರಾಜಿ ಮಾಡಿಕೋ ಎಂದು ಮತ್ತಾಯ ಐದರಲ್ಲಿ ಯೇಸು ಹೇಳಿದ್ದನ್ನು ಅವರು ಸೀಸದಲ್ಲಿ ಅಚ್ಚೊತ್ತಿಬಿಟ್ಟಿದ್ದರು!

ಇದನ್ನು ಹೊಗಳಿ ಮುಗಿಸುವ ಹಾಗಿಲ್ಲ. ಅದೇ ಹಿರಿಯರ ಮಂಡಳಿಗಳು ಮದುವೆಯಾಗದೆ ಬಸುರಾದ ಹೆಣ್ಣುಮಕ್ಕಳನ್ನು ಭಾನುವಾರ ಭಾನುವಾರ ಎಲ್ಲರೆದುರು ಪಶ್ಚಾತ್ತಾಪದ ಮಣೆಯ ಮೇಲೆ ಕೂರಿಸಿದವು. ದೊಡ್ಡ ಜಮೀನುದಾರರು ಆ ಮಣೆ ಹತ್ತಿದ್ದು ಅಪರೂಪ. ಸಭೆಯ ಕೈಯಲ್ಲಿ ನ್ಯಾಯದ ಕೋಲು ಇದ್ದಾಗ ಅದು ಬಡವರ ಬೆನ್ನಿಗೇ ಬೇಗ ಬೀಳುತ್ತದೆ. ಹಾಗಾಗಿ ನಿಮಗೆ ಒಂದು ಮಾತು. ಹೆಸರು ಹೇಳದೆ ಪ್ರಾರ್ಥಿಸಿದ್ದು ಸರಿಯಾಯಿತು. ಮುಂದೆಯೂ ಹೇಳಬೇಡಿ. ಪ್ರಾರ್ಥನೆ ದೇವರಿಗೆ ಹೇಳುವುದು. ಕಣ್ಣುಮುಚ್ಚಿ ಕೂತ ಒಬ್ಬ ಮನುಷ್ಯನಿಗೆ ಚುಚ್ಚಲು ಬಳಸಿದರೆ ಅದು ಪ್ರಾರ್ಥನೆ ಆಗಿ ಉಳಿಯುವುದಿಲ್ಲ. ಸಭಾಪಾಲಕರೂ ಪೀಠದ ಮೇಲಿಂದ ಅವರತ್ತ ಬೆರಳು ತೋರಿಸುವುದು ಬೇಡ. ಉತ್ತರ ಕೊಡಲಾಗದ ಜಾಗದಲ್ಲಿ ಒಬ್ಬರನ್ನು ಆರೋಪಿ ಮಾಡುವುದೂ ಅನ್ಯಾಯವೇ.

ಹಾಗಾದರೆ ಎಲ್ಲಿ ಮಾತಾಡಬೇಕು? ಹಿರಿಯರ ಮಂಡಳಿಯಲ್ಲಿ. ಸೆಶನ್ ಅನ್ನುತ್ತೀರಲ್ಲ, ಅದರಲ್ಲಿ. ಪ್ರೆಸ್ಬಿಟೇರಿಯನ್ ಪದ್ಧತಿಯ ಜೀವ ಇರುವುದು ಅಲ್ಲೇ. ಬಿಷಪ್ ಒಬ್ಬರೇ ತೀರ್ಮಾನ ಕೊಡುವುದಿಲ್ಲ, ಪಾಸ್ಟರ್ ಒಬ್ಬರೇ ಕೊಡುವುದಿಲ್ಲ, ಹೆಚ್ಚು ಕಾಣಿಕೆ ಹಾಕುವವರೂ ಕೊಡುವುದಿಲ್ಲ. ಸಭೆ ಆರಿಸಿದ ಹಿರಿಯರು ಒಟ್ಟಿಗೆ ಕೂತು ನೋಡುತ್ತಾರೆ. ಅವರ ಮೇಲೆ ಸುತ್ತಲಿನ ಸಭೆಗಳೆಲ್ಲ ಸೇರಿದ ಪ್ರೆಸ್ಬಿಟರಿ, ಅದರ ಮೇಲೆ ಸಿನೊಡು. ಕೆಳಗಿನವರು ತಪ್ಪಿದರೆ ಮೇಲಕ್ಕೆ ಹೋಗಬಹುದು.

ಇಲ್ಲಿ ನಿಮ್ಮ ಸಭಾಪಾಲಕರ ಮೌನ ನನಗೆ ಸರಿ ಕಾಣುವುದಿಲ್ಲ. ಮಂಡಳಿಯನ್ನು ಕರೆಯಬೇಕಾದವರು ಅವರು. ಕರೆದಾಗ ಆ ಬೋಟಿನ ಹಿರಿಯರು ಈ ಒಂದು ವಿಷಯದ ಮಟ್ಟಿಗೆ ತೀರ್ಮಾನ ಮಾಡುವವರ ಸಾಲಿನಲ್ಲಿ ಕೂರಬಾರದು. ತಮ್ಮ ಮಾತು ಹೇಳಲಿ, ಪೂರ್ತಿ ಹೇಳಲಿ, ಆಮೇಲೆ ಎದ್ದು ಹೊರಗೆ ಹೋಗಲಿ. ತನ್ನ ಕೇಸಿಗೆ ತಾನೇ ಜಡ್ಜ್ ಆಗಬಾರದು ಎಂಬುದಕ್ಕೆ ಯಾವ ಅಧ್ಯಾಯದ ಆಧಾರವೂ ಬೇಡ. ಉಳಿದವರೆಲ್ಲ ಅವರ ನೆಂಟರೋ ಅವರಿಂದ ಸಾಲ ಪಡೆದವರೋ ಆಗಿದ್ದರೆ ಪ್ರೆಸ್ಬಿಟರಿಯಿಂದ ಇಬ್ಬರನ್ನು ಕಳಿಸಿ ಎಂದು ಕೇಳಿ. ನಿಮ್ಮ ಸಭೆ ಯಾವ ಪ್ರೆಸ್ಬಿಟರಿಗೂ ಸೇರದೆ ಒಂಟಿಯಾಗಿದ್ದರೆ, ನಿಮ್ಮ ಹತ್ತಿರ ಇರುವುದು ಅರ್ಧ ಪದ್ಧತಿ ಮಾತ್ರ. ಆಗ ಪಕ್ಕದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ನಂಬಿಕಸ್ಥರಿಬ್ಬರನ್ನು ಕರೆದರೂ ತಪ್ಪಿಲ್ಲ. ದಕ್ಷಿಣ ಭಾರತದ ಪ್ರೆಸ್ಬಿಟೇರಿಯನ್ನರ ಹೊಳೆ 1908ರಲ್ಲೇ ಐಕ್ಯ ಸಭೆಗೆ ಸೇರಿ, 1947ರ ಸೆಪ್ಟೆಂಬರ್ 27ರಂದು ಸಿ.ಎಸ್.ಐ. ಆಯಿತು. ದೂರದ ನೆಂಟರೇನಲ್ಲ.

ಮಂಡಳಿ ಕೂತಾಗ ನೋಡಬೇಕಾದ್ದು ಲೆಕ್ಕದ ಪುಸ್ತಕ. ಬೋಟಿನ ಕೂಲಿ ಸರಳ ಅಲ್ಲ. ಸೀಸನ್ ಶುರುವಿಗೆ ಮುಂಗಡ ಕೊಟ್ಟಿರುತ್ತಾರೆ. ವಾರಕ್ಕಿಷ್ಟು ಖರ್ಚಿಗೆ ಕೊಟ್ಟಿರುತ್ತಾರೆ. ಕೆಲವು ಬೋಟಿನಲ್ಲಿ ತಿಂಗಳ ಸಂಬಳ, ಕೆಲವದರಲ್ಲಿ ಡೀಸೆಲ್, ಐಸ್, ರೇಶನ್ ಖರ್ಚು ಕಳೆದು ಉಳಿದದ್ದರಲ್ಲಿ ಪಾಲು, ಕೆಲವದರಲ್ಲಿ ಎರಡೂ. ಮೀನು ಬೀಳದ ವರ್ಷ ಮಾಲೀಕರ ಕೈಯೂ ಖಾಲಿ ಇರುತ್ತದೆ. ಮೀನು ಒಯ್ದವರು ದುಡ್ಡು ಹಾಕಿರುವುದಿಲ್ಲ. ಇದೆಲ್ಲ ನಿಜ. ಆದರೆ ಒಂದು ಗೆರೆ ಸ್ಪಷ್ಟ ಇರಲಿ. ಪಾಲು ಅಂತ ಮಾತಾಗಿದ್ದರೆ ಮೀನು ಕಡಿಮೆಯಾದಾಗ ಪಾಲೂ ಕಡಿಮೆಯಾಗುತ್ತದೆ, ಅದಕ್ಕೆ ಯಾರನ್ನೂ ದೂರುವಂತಿಲ್ಲ. ತಿಂಗಳಿಗಿಷ್ಟು ಅಂತ ಮಾತಾಗಿದ್ದರೆ ನಷ್ಟ ಮಾಲೀಕರದ್ದು, ಹುಡುಗರದ್ದಲ್ಲ. ‘ಬಲೆ ಹರಿದದ್ದಕ್ಕೆ ಇಷ್ಟು ಕಟ್’ ಎಂಬಂಥ ಸಾಲು ಪುಸ್ತಕದಲ್ಲಿ ಕಂಡರೆ, ಅದು ಮೊದಲೇ ಆದ ಮಾತೋ, ಮೇ ತಿಂಗಳಲ್ಲಿ ಹುಟ್ಟಿದ್ದೋ ಎಂದು ಕೇಳಿ. ಹುಡುಗರ ಮಾತನ್ನು ಅವರ ಭಾಷೆಯಲ್ಲಿ ಕೇಳುವ ಒಬ್ಬರು ಅಲ್ಲಿರಲಿ. ಒಡಿಯಾ ಬಲ್ಲವರು ಕಾರವಾರದಲ್ಲಿ ಸಿಗದೇ ಇರುವುದಿಲ್ಲ. ಹರಕು ಹಿಂದಿಯಲ್ಲಿ ಹೇಳಿದ ಅರ್ಧ ಮಾತಿನ ಮೇಲೆ ತೀರ್ಪು ಕೊಡಬೇಡಿ. ಆಡಿದ್ದನ್ನೂ ತೀರ್ಮಾನಿಸಿದ್ದನ್ನೂ ಮಂಡಳಿಯ ನಡವಳಿ ಪುಸ್ತಕದಲ್ಲಿ ಬರೆಸಿ.

ಇದರ ಜೊತೆಗೇ ಇನ್ನೊಂದು ಮಾತು, ಇದರಲ್ಲಿ ನಾನು ಒಂದಿಷ್ಟೂ ರಾಜಿಯಾಗುವುದಿಲ್ಲ. ಮಂಡಳಿ ಕೋರ್ಟಲ್ಲ. ಆ ಹುಡುಗರು ಕಾರ್ಮಿಕ ಇಲಾಖೆಗೆ ಹೋಗಲು ಸಭೆಯ ಅಪ್ಪಣೆ ಬೇಕಾಗಿಲ್ಲ. ಕಾರವಾರ ಜಿಲ್ಲಾ ಕೇಂದ್ರ, ಇಲಾಖೆಯ ಕಚೇರಿ ಅಲ್ಲೇ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅರ್ಹರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ‘ವಿಶ್ವಾಸಿಗಳು ವಿಶ್ವಾಸಿಗಳ ಮೇಲೆ ದೂರು ಕೊಡಬಾರದು’ ಎಂದು ಪೌಲನ ಮಾತು ಎತ್ತಿ ಯಾರಾದರೂ ಅವರನ್ನು ತಡೆದರೆ, ಆ ವಚನದ ಮುಂದಿನ ಸಾಲುಗಳನ್ನೂ ಓದಿಸಿ. ಒಂದನೇ ಕೊರಿಂಥ ಆರರಲ್ಲಿ ಪೌಲ ಬೈದದ್ದು ಸಹೋದರರಿಗೇ ಅನ್ಯಾಯ ಮಾಡಿ ಮೋಸದಿಂದ ಕಸಿದುಕೊಂಡವರನ್ನೂ ಸೇರಿಸಿ. ನಿಮ್ಮಲ್ಲಿ ತೀರ್ಮಾನ ಮಾಡುವ ಬುದ್ಧಿವಂತ ಒಬ್ಬನೂ ಇಲ್ಲವೇ ಎಂದು ಅವನು ಕೇಳಿದ್ದಾನೆ. ಸಭೆ ಆ ಕೆಲಸ ಮಾಡದೆ, ಇಲಾಖೆಗೂ ಹೋಗಲು ಬಿಡದಿದ್ದರೆ ಅದು ಎರಡು ಕಡೆಯ ಬಾಗಿಲನ್ನೂ ಮುಚ್ಚಿದಂತೆ.

ಕಾಣಿಕೆಯ ವಿಷಯ ನೀವು ಕೇಳಿಲ್ಲ. ಆದರೆ ಮೂವತ್ತು ಮನೆಯ ಸಭೆಯಲ್ಲಿ ಬೋಟಿನ ಮಾಲೀಕರ ಕಾಣಿಕೆ ಎಷ್ಟು ಮುಖ್ಯ ಅಂತ ಊಹಿಸಬಲ್ಲೆ. ಸಭಾಪಾಲಕರ ಮೌನಕ್ಕೆ ಅದೂ ಒಂದು ಕಾರಣ ಇದ್ದೀತು. ಇದು ಹಳೆಯ ಕಷ್ಟ. 1843ರಲ್ಲಿ ಸ್ಕಾಟ್ಲೆಂಡಿನ 474 ಪಾದ್ರಿಗಳು ಅಧಿಕೃತ ಸಭೆಯನ್ನು ಬಿಟ್ಟು ಹೊರಬಂದರು. ಜಮೀನುದಾರ ತನಗೆ ಬೇಕಾದವನನ್ನು ಪಾದ್ರಿ ಎಂದು ತಂದು ಕೂರಿಸಬಾರದು, ಜನ ಬೇಡ ಎನ್ನುವ ಹಕ್ಕು ಇರಬೇಕು ಎಂಬುದು ಅವರ ವಾದ. ಸಂಬಳ ಹೋಯಿತು, ಮನೆ ಹೋಯಿತು, ದೇವಾಲಯ ಹೋಯಿತು. ಮಿಶನರಿಗಳಾದ ಮುಂಬಯಿಯ ಜಾನ್ ವಿಲ್ಸನ್, ಕಲ್ಕತ್ತೆಯ ಅಲೆಕ್ಸಾಂಡರ್ ಡಫ್ ಕೂಡ ಅವರ ಜೊತೆ ನಿಂತರು. ಎಂಥ ಧೈರ್ಯ ನೋಡಿ. ಆದರೆ ಹೀಗೆ ಹೊರಬಂದವರು ಕಟ್ಟಿದ ಅದೇ ಸ್ವತಂತ್ರ ಸಭೆ ಹೊಸ ದೇವಾಲಯ ಕಟ್ಟಲು ದುಡ್ಡು ಬೇಕೆಂದು ಅಮೆರಿಕಕ್ಕೆ ಜನ ಕಳಿಸಿತು. ಗುಲಾಮರ ಮಾಲೀಕರಿಂದಲೂ ದುಡ್ಡು ಬಂತು. ಒಟ್ಟು ಸುಮಾರು 3,000 ಪೌಂಡ್. 1846ರಲ್ಲಿ ಫ್ರೆಡರಿಕ್ ಡಗ್ಲಸ್ ಎಂಬ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಮಹಾ ಮಾತುಗಾರ ಸ್ಕಾಟ್ಲೆಂಡಿನ ಊರೂರು ತಿರುಗಿ ‘ದುಡ್ಡು ವಾಪಸ್ ಕಳಿಸಿ’ ಎಂದು ಕೂಗಿದರು. ಗೋಡೆ ಗೋಡೆಯ ಮೇಲೆ ಆ ಮಾತು ಬಂತು. ಸಭೆ ದುಡ್ಡು ಕಳಿಸಲಿಲ್ಲ. ಜಮೀನುದಾರನ ಎದುರು ನಿಂತವರಿಗೇ ಕಾಣಿಕೆ ಕೊಟ್ಟವರ ಎದುರು ನಿಲ್ಲಲು ಆಗಲಿಲ್ಲ. ನಿಮ್ಮ ಸಭಾಪಾಲಕರ ಮೇಲೆ ನನಗೆ ಸಿಟ್ಟಿಗಿಂತ ಕನಿಕರ ಜಾಸ್ತಿ ಇರುವುದು ಇದಕ್ಕೇ. ಅವರ ಸಂಬಳ ಒಂದು ಮನೆಯ ಕಾಣಿಕೆಯ ಮೇಲೆ ನಿಲ್ಲದಂತೆ ಉಳಿದವರು ನೋಡಿಕೊಳ್ಳಬೇಕು. ನಿಮ್ಮ ಮಿಜೋ ಕುಟುಂಬಗಳನ್ನು ಕೇಳಿ. ಅವರ ಊರಲ್ಲಿ ಪ್ರತಿ ಹೊತ್ತಿನ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ತೆಗೆದಿಡುತ್ತಾರೆ. ಬುಹ್‌ಫಾಯ್ ಥಮ್ ಅನ್ನುತ್ತಾರೆ ಅದಕ್ಕೆ. ಕೂಡಿದ ಅಕ್ಕಿ ಸಭೆಗೆ ಹೋಗುತ್ತದೆ. ಕಳೆದ ಶತಮಾನದ ಶುರುವಿನಿಂದ ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ದೊಡ್ಡ ಬಲ ಅದು. ಎಲ್ಲ ಮನೆಯ ಹಿಡಿ ಅಕ್ಕಿ ಇರುವ ಸಭೆಯಲ್ಲಿ ಯಾರೊಬ್ಬರ ಚೆಕ್ಕಿಗೂ ಹೆದರಬೇಕಾಗಿಲ್ಲ.

ಇನ್ನು ಕೂರುವ ಜಾಗ. ಹುಡುಗರು ಎಲ್ಲಿ ಕೂರುತ್ತಾರೆ ಅಂತ ನೀವು ಬರೆದಿಲ್ಲ. ಹಿಂದಿನ ಬೆಂಚಿರಬೇಕು. ಅದು ಸಣ್ಣ ವಿಷಯ ಅಂತ ಬಿಡಬೇಡಿ. ದಕ್ಷಿಣ ಆಫ್ರಿಕಾದಲ್ಲಿ ಕ್ಯಾಲ್ವಿನ್ ಪರಂಪರೆಯದ್ದೇ ಆದ ಡಚ್ ರಿಫಾರ್ಮ್ಡ್ ಸಭೆ 1857ರಲ್ಲಿ ಒಂದು ನಿರ್ಣಯ ಮಾಡಿತು. ಎಲ್ಲರೂ ಒಟ್ಟಿಗೆ ಆರಾಧಿಸುವುದೇ ಸರಿ, ಆದರೆ ಕೆಲವರ ಬಲಹೀನತೆಯ ಕಾರಣ ಬಿಳಿಯರಲ್ಲದವರಿಗೆ ಬೇರೆ ಆರಾಧನೆ ನಡೆಸಬಹುದು ಎಂದಿತು. ಕೆಲವು ಬಿಳಿಯರಿಗೆ ಒಂದೇ ಮೇಜಿನಲ್ಲಿ ಕರಿಯರ ಜೊತೆ ಕೂರಲು ಇಷ್ಟ ಇರಲಿಲ್ಲ, ಅದೇ ‘ಬಲಹೀನತೆ’. 1881ರಲ್ಲಿ ಬೇರೆ ಸಭೆಯೇ ಆಯಿತು. ಆಮೇಲೆ ಇಡೀ ದೇಶವನ್ನೇ ಚರ್ಮದ ಬಣ್ಣದ ಮೇಲೆ ಒಡೆದಾಗ ಅದಕ್ಕೆ ಧರ್ಮದ ಸಮರ್ಥನೆ ಸಿದ್ಧವಿತ್ತು. ಆ ಬೇರೆ ಮಾಡಿದ ಸಭೆಯೇ 1986ರಲ್ಲಿ ಬೆಲ್ಹಾರ್ ವಿಶ್ವಾಸ ಪ್ರಮಾಣವನ್ನು ಅಂಗೀಕರಿಸಿ, ದೇವರು ನಿರ್ಗತಿಕರ, ಬಡವರ, ಅನ್ಯಾಯಕ್ಕೆ ಒಳಗಾದವರ ಪಕ್ಷದಲ್ಲಿದ್ದಾನೆ ಎಂದು ಸಾರಿತು. ಅಮೆರಿಕದ ದೊಡ್ಡ ಪ್ರೆಸ್ಬಿಟೇರಿಯನ್ ಸಭೆ 2016ರಲ್ಲಿ ಅದನ್ನು ತನ್ನ ಪ್ರಮಾಣಗಳ ಜೊತೆ ಸೇರಿಸಿಕೊಂಡಿತು. ಆರಾಧನೆಯಲ್ಲಿ ಕೂರುವ ಜಾಗದಿಂದ ಶುರುವಾದದ್ದು ಎಲ್ಲಿಗೆ ಹೋಯಿತು ನೋಡಿ. ಆ ಹುಡುಗರಲ್ಲಿ ಒಬ್ಬ ಒಂದು ಭಾನುವಾರ ಒಡಿಯಾದಲ್ಲೇ ವಾಕ್ಯ ಓದಲಿ, ಆಮೇಲೆ ಕನ್ನಡದಲ್ಲಿ ಓದಿ. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಚುಚ್ಚಿದ್ದು ವಾರ್ಷಿಕ ಸಭೆಯ ತಾರೀಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಹುಡುಗರು ಊರಿಗೆ ಹೋಗಿರುತ್ತಾರೆ. ವರ್ಷದಲ್ಲಿ ಹತ್ತು ತಿಂಗಳು ನಿಮ್ಮ ಜೊತೆ ಆರಾಧಿಸುವವರು, ಹಿರಿಯರನ್ನು ಆರಿಸುವ ಆ ಒಂದು ದಿನ ಇರುವುದೇ ಇಲ್ಲ. ಯಾರೂ ಬೇಕೆಂದು ಮಾಡಿರಲಾರರು, ಶಾಲೆ ಶುರುವಾಗುವ ಹೊತ್ತು ಅಂತಲೋ ಏನೋ ಇಟ್ಟಿದ್ದಾರೆ. ಆದರೆ ಪರಿಣಾಮ ಒಂದೇ. 1541ರಲ್ಲಿ ಜಿನೀವಾದ ಸಭೆಗೆ ನಿಯಮ ಬರೆದಾಗ ಹಿರಿಯರನ್ನು ಪಟ್ಟಣದ ಎಲ್ಲ ಕೇರಿಗಳಿಂದಲೂ ಆರಿಸಬೇಕು, ಎಲ್ಲ ಕಡೆ ಕಣ್ಣಿರಬೇಕು ಎಂದಿದ್ದರು. ನಿಮ್ಮ ಸಭೆಯ ಬಂದರಿನ ಕೇರಿಗೆ ಈಗ ಇರುವ ಕಣ್ಣು ಮಾಲೀಕರದ್ದು ಒಂದೇ.

ಹಾಗಾಗಿ ಈ ಜೂನ್ ಸಭೆಯಲ್ಲಿ ಕೂಲಿಯ ಜಗಳವನ್ನು ಎಲ್ಲರೆದುರು ಎತ್ತಬೇಡಿ. ಹುಡುಗರೇ ಇಲ್ಲದ ಕಡೆ ಅವರ ವಿಷಯ ಚರ್ಚೆಗೆ ಬಂದರೆ ಅದು ಗದ್ದಲವಾಗಿ ಮುಗಿಯುತ್ತದೆ. ಅಲ್ಲಿ ಎರಡೇ ಠರಾವು ಇಡಿ. ಮುಂದಿನ ವರ್ಷದಿಂದ ವಾರ್ಷಿಕ ಸಭೆ ಫೆಬ್ರುವರಿಗೆ ಹೋಗಲಿ. ಹತ್ತು ತಿಂಗಳು ಬರುವವರ ಹೆಸರು ಸದಸ್ಯರ ಪಟ್ಟಿಗೆ ಸೇರಲಿ. ಕೂಲಿಯ ವಿಷಯಕ್ಕೆ ಮೊದಲು ನೀವೊಬ್ಬರೇ ಆ ಹಿರಿಯರ ಮನೆಗೆ ಹೋಗಿ ಮಾತಾಡಿ, ಕೇಳದಿದ್ದರೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ಮತ್ತಾಯ ಹದಿನೆಂಟರ ಕ್ರಮ ಅದೇ. ಪ್ರಾರ್ಥನೆಗೆ ಮೊದಲು ನೀವು ಅದನ್ನು ಮಾಡಿದ್ದರೆ ಒಳ್ಳೆಯದಿತ್ತು, ಈಗಲೂ ತಡವಾಗಿಲ್ಲ. ಅವರು ಒಪ್ಪದಿದ್ದರೆ ಮಂಡಳಿಗೆ ಬರಹದಲ್ಲಿ ಅರ್ಜಿ ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಮುಂದಿನ ಕರ್ತನ ಭೋಜನದ ಭಾನುವಾರದೊಳಗೆ ಇದು ಮುಗಿಯಬೇಕು ಎಂದು ಅದರಲ್ಲೇ ಕೇಳಿ.

ಊರಿಗೆ ಹೋದ ಇಬ್ಬರ ಫೋನ್ ನಂಬರು, ಬ್ಯಾಂಕ್ ಖಾತೆಯ ವಿವರ ಇವತ್ತೇ ತರಿಸಿಕೊಳ್ಳಿ. ಮುಂಗಡ ಎಷ್ಟು, ಖರ್ಚಿಗೆ ಎಷ್ಟು ಬಂತು, ಎಷ್ಟು ಬಾಕಿ ಎಂದು ಅವರ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆಗಸ್ಟಿನಲ್ಲಿ ಅವರು ಮಲ್ಪೆಗೋ ಗೋವೆಗೋ ಹೋಗಿಬಿಟ್ಟರೆ ಮತ್ತೆ ಕೈಗೆ ಸಿಗುವುದು ಕಷ್ಟ.